ಓದುಗರ ಪ್ರಶ್ನೆ, ತಂತ್ರಜ್ಞರ ಉತ್ತರ: ಆ್ಯಪ್‌ಗೆ ಲೊಕೇಶನ್ ಸಿಗದಿದ್ದಾಗ

ಜಿಪಿಎಸ್ ಆನ್ ಇದ್ದರೂ ಆ್ಯಪ್ ‘ಲೊಕೇಶನ್ ಸಿಗುತ್ತಿಲ್ಲ’ ಎನ್ನುತ್ತದೆ ಎಂಬ ದೂರಿನ ಪತ್ರಗಳು ಅಂಕಣಕ್ಕೆ ಬರುತ್ತಲೇ ಇವೆ. ಆ್ಯಪ್ ಬರೆಯುವವರೂ ಅದನ್ನು ಬಳಸುವವರೂ ಒಂದೇ ತೊಂದರೆಯನ್ನು ಎರಡು ತುದಿಗಳಿಂದ ನೋಡಿ ಬರೆದಿರುವುದರಿಂದ ಈ ಸಲ ಅಂಥ ಪತ್ರಗಳನ್ನಷ್ಟೇ ಒಟ್ಟಿಗೆ ಎತ್ತಿಕೊಂಡಿದ್ದೇವೆ.

ಪ್ರಶ್ನೆ: ನಮ್ಮ ಭಾಗದ ಅಡಿಕೆ ಬೆಳೆಗಾರರ ಸಂಘವೊಂದಕ್ಕೆ ನಾನು ಆಂಡ್ರಾಯ್ಡ್ ಆ್ಯಪ್ ಬರೆದುಕೊಟ್ಟಿದ್ದೇನೆ. ಸಂಘದ ಸಿಬ್ಬಂದಿ ಮಳೆಗಾಲದಲ್ಲಿ ತೋಟಗಳಿಗೆ ಹೋಗಿ ಕೊಳೆರೋಗ ತಗುಲಿದ ಮರಗಳ ಫೋಟೊ ತೆಗೆದು, ಆ ಜಾಗದ ಅಕ್ಷಾಂಶ–ರೇಖಾಂಶದೊಂದಿಗೆ ಕಳಿಸಬೇಕು. ನನ್ನ ಫೋನಿನಲ್ಲಿ ಎಲ್ಲವೂ ಸರಿಯಾಗಿದೆ. ಸಿಬ್ಬಂದಿಯ ಫೋನುಗಳಲ್ಲಿ ಮಾತ್ರ ಒಮ್ಮೊಮ್ಮೆ ಲೊಕೇಶನ್ ಖಾಲಿ ಬರುತ್ತದೆ, ಒಮ್ಮೊಮ್ಮೆ ಎರಡೂ ಸೊನ್ನೆಯಾಗಿ ದಾಖಲಾಗುತ್ತವೆ, ಇನ್ನು ಕೆಲವು ಸಲ ತೋಟದ ಬದಲು ಪೇಟೆಯಲ್ಲಿರುವ ಸಂಘದ ಕಚೇರಿಯ ಜಾಗವೇ ಬಂದು ಕೂರುತ್ತದೆ. ಕೋಡಿನಲ್ಲಿ ಎಲ್ಲಿ ಹುಡುಕಬೇಕು?
— ಶಿರಸಿಯ ಓದುಗರು

ಉತ್ತರ: ತಾವು ಹೇಳಿದ ಮೂರು ತೊಂದರೆಗಳಿಗೆ ಮೂರು ಬೇರೆ ಬೇರೆ ಕಾರಣಗಳಿರುವ ಸಂಭವವೇ ಹೆಚ್ಚು. ಒಂದು ಕಡೆ ತಿದ್ದಿ ಮೂರೂ ಸರಿಹೋಗಲೆಂದು ಕಾಯುವುದು ಬೇಡ. ಫೋನಿಗೆ ತಾನೆಲ್ಲಿದ್ದೇನೆಂಬುದು ಸದಾ ಗೊತ್ತಿರುತ್ತದೆ, ಕೇಳಿದೊಡನೆ ಹೇಳುತ್ತದೆ ಎಂಬ ನಂಬಿಕೆಯ ಮೇಲೆ ಬರೆದ ಆ್ಯಪ್‌ಗಳೇ ಈ ರೀತಿ ಕೈಕೊಡುತ್ತವೆ. ಫೋನು ಕೊಡುವುದು ಒಂದು ಅಂದಾಜನ್ನು. ಆ ಅಂದಾಜಿಗೆ ವಯಸ್ಸಿದೆ, ಎಷ್ಟು ಮೀಟರ್ ತಪ್ಪಿರಬಹುದೆಂಬ ಅಳತೆಯೂ ಇದೆ. ಈ ಎರಡನ್ನು ನೋಡದೆ ಅಕ್ಷಾಂಶ–ರೇಖಾಂಶವನ್ನು ಮಾತ್ರ ಎತ್ತಿಕೊಂಡರೆ ತಮ್ಮ ಸಂಘದ ದಾಖಲೆಯಲ್ಲಿ ಆಗಿರುವುದೇ ಆಗುತ್ತದೆ.

ಮೊದಲು ಖಾಲಿ ಬರುವ ವಿಷಯ. ತಮ್ಮ ಕೋಡು ಗೂಗಲ್ ಪ್ಲೇ ಸರ್ವಿಸಸ್‌ನ ಫ್ಯೂಸ್ಡ್ ಲೊಕೇಶನ್ ಪ್ರೊವೈಡರ್‌ಗೆ (ಉಪಗ್ರಹ, ವೈಫೈ, ಟವರು ಎಲ್ಲವನ್ನೂ ಬೆರೆಸಿ ಜಾಗ ಹೇಳುವ ಸೇವೆಗೆ) ‘ಗೆಟ್‌ಲಾಸ್ಟ್‌ಲೊಕೇಶನ್’ ಎಂದು ಕೇಳಿ ಸುಮ್ಮನಾಗುತ್ತಿರಬೇಕು. ಆ ಕರೆ ಹೊಸದಾಗಿ ಉಪಗ್ರಹಗಳನ್ನು ಹುಡುಕಲು ಹೋಗುವುದಿಲ್ಲ. ಹಿಂದೆ ಯಾವುದೋ ಆ್ಯಪ್ ಕೇಳಿದಾಗ ಸಿಕ್ಕ ಜಾಗ ನೆನಪಿನಲ್ಲಿದ್ದರೆ ಅದನ್ನು ಕೊಡುತ್ತದೆ, ಇಲ್ಲದಿದ್ದರೆ ‘ನಲ್’, ಎಂದರೆ ಖಾಲಿ ಉತ್ತರ, ಕೊಡುತ್ತದೆ. ಯಾರಾದರೂ ಸೆಟ್ಟಿಂಗ್ಸ್‌ನಲ್ಲಿ ಲೊಕೇಶನ್ ಆಫ್ ಮಾಡಿದ ಕೂಡಲೇ ಆ ನೆನಪು ಅಳಿಸಿಹೋಗುತ್ತದೆ. ಹೊಸ ಫೋನಿನಲ್ಲಿ, ಫ್ಯಾಕ್ಟರಿ ರೀಸೆಟ್ ಮಾಡಿದ ಫೋನಿನಲ್ಲಿ ಅದು ಮೊದಲಿಗೇ ಇರುವುದಿಲ್ಲ. ಪ್ಲೇ ಸರ್ವಿಸಸ್ ತಾನಾಗಿ ಮರುಪ್ರಾರಂಭವಾದ ಮೇಲೆ ಬೇರಾವ ಆ್ಯಪ್ ಕೂಡ ಲೊಕೇಶನ್ ಕೇಳಿರದಿದ್ದರೂ ಅಷ್ಟೆ. ತಮ್ಮ ಫೋನಿನಲ್ಲಿ ದಿನವಿಡೀ ಮ್ಯಾಪ್ಸ್, ಹವಾಮಾನ ಮುಂತಾದವು ಕೆಲಸ ಮಾಡುತ್ತಿರುವುದರಿಂದ ನೆನಪು ಎಂದೂ ಖಾಲಿಯಾಗಿಲ್ಲ. ಬರೆದವರ ಮೇಜಿನ ಮೇಲೆ ಸರಿಯಾಗಿ ನಡೆಯುವ ಆ್ಯಪ್ ಹೊರಗೆ ಕೆಡುವುದಕ್ಕೆ ಇದೊಂದು ದೊಡ್ಡ ಕಾರಣ. ಒಂದೇ ಸಲ ಜಾಗ ಬೇಕಿದ್ದರೆ ‘ಗೆಟ್‌ಕರೆಂಟ್‌ಲೊಕೇಶನ್’ ಬಳಸಿ. ತೋಟದಂಥ ಕಷ್ಟದ ಜಾಗಕ್ಕೆ ‘ರಿಕ್ವೆಸ್ಟ್‌ಲೊಕೇಶನ್‌ಅಪ್‌ಡೇಟ್ಸ್’ ಇನ್ನೂ ಒಳ್ಳೆಯದು, ಏಕೆಂದರೆ ಮೊದಲು ಬಂದ ಒರಟು ಅಂದಾಜು ನಿಧಾನವಾಗಿ ಹದಕ್ಕೆ ಬರುವುದನ್ನು ಕಾಯಲು ಅದು ಅವಕಾಶ ಕೊಡುತ್ತದೆ. ಆದ್ಯತೆಯನ್ನು ‘ಹೈ ಅಕ್ಯುರೆಸಿ’ಗೆ ಇಡಿ. ‘ಬ್ಯಾಲೆನ್ಸ್‌ಡ್’ ಇಟ್ಟರೆ ಫೋನು ಬ್ಯಾಟರಿ ಉಳಿಸಲು ವೈಫೈ ಮತ್ತು ಟವರುಗಳನ್ನೇ ನೆಚ್ಚಿಕೊಳ್ಳುತ್ತದೆ. ತೋಟದ ನಡುವೆ ವೈಫೈ ಎಲ್ಲಿಂದ ಬರಬೇಕು?

ಸೊನ್ನೆಯ ವಿಷಯ ಸಂಪೂರ್ಣ ತಮ್ಮ ಕೋಡಿನದು. ಆಫ್ರಿಕದ ಪಶ್ಚಿಮಕ್ಕೆ ಗಿನಿ ಕೊಲ್ಲಿಯಲ್ಲಿ ಭೂಮಧ್ಯರೇಖೆಯೂ ಗ್ರೀನಿಚ್ ರೇಖೆಯೂ ಕೂಡುವ ನೀರಿನ ಮೇಲೆ ಸೊನ್ನೆ–ಸೊನ್ನೆ ಬರುತ್ತದೆ. ನಕ್ಷೆಯ ಕೆಲಸ ಮಾಡುವವರು ಆ ಜಾಗವನ್ನು ತಮಾಷೆಗೆ ‘ನಲ್ ಐಲೆಂಡ್’ ಎಂದು ಕರೆಯುವಷ್ಟು ಮಟ್ಟಿಗೆ ಜಗತ್ತಿನ ಆ್ಯಪ್‌ಗಳು ತಪ್ಪು ದಾಖಲೆಗಳನ್ನು ಅಲ್ಲಿಗೆ ಕಳಿಸಿವೆ. ಜಾವಾ ಭಾಷೆಯಲ್ಲಿ ‘ಡಬಲ್’ (ದಶಮಾಂಶ ಸಂಖ್ಯೆ) ಎಂದು ಘೋಷಿಸಿದ ಫೀಲ್ಡಿಗೆ ಬೆಲೆ ಕೊಡದಿದ್ದರೆ ಅದು ತಾನಾಗಿ 0.0 ಆಗುತ್ತದೆ. ಲೊಕೇಶನ್ ಬರುವ ಮೊದಲೇ ಸಿಬ್ಬಂದಿ ‘ಕಳಿಸು’ ಒತ್ತಿದರೆ ಆ ಸೊನ್ನೆಗಳೇ ಡೇಟಾಬೇಸಿಗೆ ಹೋಗಿ ನಿಜವಾದ ಜಾಗದ ವೇಷದಲ್ಲಿ ಕೂರುತ್ತವೆ. ಡೇಟಾಬೇಸಿನಲ್ಲಿ ಅಕ್ಷಾಂಶ, ರೇಖಾಂಶದ ಎರಡು ಕಾಲಂಗಳು ಖಾಲಿ ಇರಲು ಒಪ್ಪುವಂತೆ ಬದಲಿಸಿ. ಖಾಲಿಯಾದರೆ ಸಿಕ್ಕಿಲ್ಲವೆಂದು ಕನಿಷ್ಠಪಕ್ಷ ತಿಳಿಯುತ್ತದೆ.

ಕಚೇರಿಯ ಜಾಗ ಬರುವುದು ಹಳೆಯ ನೆನಪಿನಿಂದ. ಸಿಬ್ಬಂದಿ ಬೆಳಿಗ್ಗೆ ಕಚೇರಿಯಲ್ಲಿ ಆ್ಯಪ್ ತೆರೆದಿರುತ್ತಾರೆ, ಅಲ್ಲಿನ ವೈಫೈ ಆಧಾರದ ಮೇಲೆ ಒಂದು ಜಾಗ ದಾಖಲಾಗಿರುತ್ತದೆ, ನೆಟ್‌ವರ್ಕ್ ಇಲ್ಲದ ತೋಟದಲ್ಲಿ ಅದೇ ಮತ್ತೆ ಎದ್ದು ಬರುತ್ತದೆ. ನಿನ್ನೆಯ ಪತ್ರಿಕೆ ಹಿಡಿದು ಇವತ್ತಿನ ಅಡಿಕೆ ಧಾರಣೆ ಹೇಳಿದಂತಾಯಿತು. ಪ್ರತಿ ಲೊಕೇಶನ್ ಜೊತೆಗೂ ‘ಇಲ್ಯಾಪ್ಸ್ಡ್ ರಿಯಲ್‌ಟೈಮ್ ನ್ಯಾನೋಸ್’ ಎಂಬ ಬೆಲೆ ಬರುತ್ತದೆ. ಫೋನು ಆನ್ ಆದಾಗಿನಿಂದ ಓಡುತ್ತಿರುವ ಗಡಿಯಾರದ ಈಗಿನ ಬೆಲೆಯಿಂದ ಅದನ್ನು ಕಳೆದರೆ ಆ ಲೊಕೇಶನ್ನಿನ ವಯಸ್ಸು ಸಿಗುತ್ತದೆ. ಗೋಡೆ ಗಡಿಯಾರದ ಸಮಯವನ್ನು ಇದಕ್ಕೆ ಬಳಸಬೇಡಿ, ಬಳಕೆದಾರರು ಅದನ್ನು ಸೆಟ್ಟಿಂಗ್ಸ್‌ನಲ್ಲಿ ತಿದ್ದಬಹುದು. ಒಂದು ನಿಮಿಷಕ್ಕಿಂತ ಹಳೆಯದಾದದ್ದನ್ನು ತೋಟದ ದಾಖಲೆಗೆ ಸೇರಿಸದಿರುವುದು ಒಳ್ಳೆಯದು ಎಂಬುದು ನನ್ನ ಅಭಿಪ್ರಾಯ.

ಇಷ್ಟು ತಿದ್ದಿದ ಮೇಲೂ ತೋಟದೊಳಗೆ ತಡವಾಗುವುದು ಉಳಿದೇ ಇರುತ್ತದೆ, ಅದಕ್ಕೆ ಕಾರಣ ಆಕಾಶದಲ್ಲಿದೆ. ಜಿಪಿಎಸ್ ಉಪಗ್ರಹಗಳು ಸುಮಾರು 20,200 ಕಿಲೋಮೀಟರ್ ಎತ್ತರದಲ್ಲಿ ಸುತ್ತುತ್ತವೆ. ಅಲ್ಲಿಂದ ನಮ್ಮ ಕೈಗೆ ತಲುಪುವ ಹೊತ್ತಿಗೆ ಅವುಗಳ ಸಂಕೇತ ಅತ್ಯಂತ ಕ್ಷೀಣವಾಗಿರುತ್ತದೆ, ಮಳೆಯಲ್ಲಿ ತೊಯ್ದ ದಟ್ಟ ಎಲೆಗಳು ಅದನ್ನು ಇನ್ನಷ್ಟು ನುಂಗುತ್ತವೆ. ಜಾಗವನ್ನು ಲೆಕ್ಕ ಹಾಕಲು ಕನಿಷ್ಠ 4 ಉಪಗ್ರಹಗಳು ಬೇಕು: ಅಕ್ಷಾಂಶ, ರೇಖಾಂಶ, ಎತ್ತರ ಇವು ಮೂರು, ಫೋನಿನ ಅಗ್ಗದ ಗಡಿಯಾರದ ತಪ್ಪು ನಾಲ್ಕನೆಯ ಅಜ್ಞಾತ. ಪ್ರತಿ ಉಪಗ್ರಹವೂ ತಾನಿರುವ ಕಕ್ಷೆಯ ನಿಖರ ವಿವರವನ್ನು ಸೆಕೆಂಡಿಗೆ 50 ಬಿಟ್‌ನಂತೆ ನಿಧಾನವಾಗಿ ಹೇಳುತ್ತದೆ, ಅದು 30 ಸೆಕೆಂಡಿಗೊಮ್ಮೆ ಪುನರಾವರ್ತನೆಯಾಗುತ್ತದೆ. ನೆಟ್‌ವರ್ಕ್ ಇದ್ದರೆ ಫೋನು ಈ ವಿವರವನ್ನು ಇಂಟರ್‌ನೆಟ್ಟಿನಿಂದಲೇ ಕ್ಷಣದಲ್ಲಿ ಇಳಿಸಿಕೊಳ್ಳುತ್ತದೆ; ನೆಟ್‌ವರ್ಕ್ ಇಲ್ಲದ ಕಡೆ ಉಪಗ್ರಹದ ಬಾಯಿಂದಲೇ ಕೇಳಬೇಕು, ನಡುವೆ ಒಂದು ಎಲೆ ಅಡ್ಡ ಬಂದು ಮಾತು ತುಂಡಾದರೆ ಆ ತುಣುಕು ಮತ್ತೆ ಬರುವ ತನಕ ಕಾಯಬೇಕು. ತಾವು ಆ್ಯಪ್‌ನಲ್ಲಿ 10 ಸೆಕೆಂಡಿಗೆ ಟೈಮ್‌ಔಟ್ (ಕಾಯುವ ಗಡುವು) ಇಟ್ಟಿದ್ದರೆ ಇಂಥಲ್ಲಿ ಅದು ಎಂದೂ ಗೆಲ್ಲುವುದಿಲ್ಲ.

ಆದ್ದರಿಂದ ಸಿಬ್ಬಂದಿಗೆ ಹೀಗೆ ಹೇಳಿ: ತೋಟಕ್ಕೆ ಇಳಿಯುವ ಮೊದಲು ಮನೆಯ ಅಂಗಳದಲ್ಲೋ ರಸ್ತೆಯಲ್ಲೋ, ಆಕಾಶ ಕಾಣುವ ಕಡೆ ನಿಂತು ಆ್ಯಪ್ ತೆರೆಯಲಿ. ಒಮ್ಮೆ ಉಪಗ್ರಹಗಳನ್ನು ಹಿಡಿದ ಮೇಲೆ ಕಕ್ಷೆಯ ಆ ವಿವರ ಕೆಲವು ಗಂಟೆಗಳ ಕಾಲ ಬಳಕೆಗೆ ಬರುವುದರಿಂದ ಮರಗಳ ಕೆಳಗೂ ಜಾಗ ಬೇಗ ಸಿಗುತ್ತದೆ. ಆ್ಯಪ್‌ನ ಪರದೆಯಲ್ಲಿ ಬರಿಯ ಚಕ್ರ ತಿರುಗಿಸುವ ಬದಲು ‘± 48 ಮೀ’, ‘± 21 ಮೀ’, ‘± 9 ಮೀ’ ಎಂದು ಇಳಿಯುವ ಅಂಕಿಯನ್ನು ತೋರಿಸಿ. ಎಷ್ಟು ಹೊತ್ತು ನಿಲ್ಲಬೇಕೆಂಬುದನ್ನು ಸಿಬ್ಬಂದಿ ತಾವೇ ಕಲಿಯುತ್ತಾರೆ. ಫೋಟೊವನ್ನು ತಡೆಹಿಡಿಯಬೇಡಿ, ಅಷ್ಟರಲ್ಲಿ ಸಿಕ್ಕ ಅತ್ಯುತ್ತಮ ಅಂದಾಜಿನೊಂದಿಗೆ ಉಳಿಸಿ, ಅದರ ತಪ್ಪಿನ ಅಳತೆಯನ್ನೂ ಜೊತೆಗೆ ಬರೆದಿಡಿ.

ಅನುಮತಿಯ ಬಗ್ಗೆ ಎರಡು ಮಾತು. ಆಂಡ್ರಾಯ್ಡ್ 12ರಿಂದ ಅನುಮತಿ ಕೇಳುವ ಕಿಟಕಿಯಲ್ಲಿ ‘ನಿಖರ’ ಮತ್ತು ‘ಅಂದಾಜು’ ಎಂಬ ಎರಡು ಆಯ್ಕೆಗಳಿವೆ. ಅಂದಾಜನ್ನು ಆರಿಸಿದವರ ಜಾಗ ಸುಮಾರು 3 ಚದರ ಕಿಲೋಮೀಟರ್ ವಿಸ್ತಾರದಲ್ಲಿ ಎಲ್ಲಾದರೂ ಬರಬಹುದು. ಆ್ಯಪ್‌ಗೆ ಅನುಮತಿ ಸಿಕ್ಕಿದೆ ಎಂದೇ ಕೋಡು ತಿಳಿಯುತ್ತದೆ, ಜಾಗ ಮಾತ್ರ ಪಕ್ಕದ ಊರಿನದು. ಯಾವ ಅನುಮತಿ ಸಿಕ್ಕಿದೆಯೆಂದು ಬೇರೆ ಬೇರೆಯಾಗಿ ಪರೀಕ್ಷಿಸಿ, ಕೇಳುವಾಗ ಎರಡನ್ನೂ ಒಟ್ಟಿಗೇ ಕೇಳಿ. ಎರಡನೆಯದು ತಮ್ಮ ಆ್ಯಪ್‌ಗೆಂದೇ ಹೇಳಿ ಮಾಡಿಸಿದಂತಿದೆ. ಕೆಲವು ತಿಂಗಳು ತೆರೆಯದೆ ಬಿಟ್ಟ ಆ್ಯಪ್‌ಗಳ ಅನುಮತಿಗಳನ್ನು ಆಂಡ್ರಾಯ್ಡ್ ತಾನಾಗಿ ಹಿಂದಕ್ಕೆ ಪಡೆಯುತ್ತದೆ. ಆಂಡ್ರಾಯ್ಡ್ 11ರಲ್ಲಿ ಬಂದ ಈ ಏರ್ಪಾಡು ಈಗ ಅದಕ್ಕಿಂತ ಹಳೆಯ ಅನೇಕ ಫೋನುಗಳಲ್ಲೂ ಇದೆ. ಕೊಳೆರೋಗದ ಆ್ಯಪ್ ಬೇಸಿಗೆಯುದ್ದಕ್ಕೂ ಮಲಗಿರುತ್ತದೆ. ಮುಂಗಾರು ಹಿಡಿದ ದಿನ ತೆರೆದಾಗ ಹೋದ ವರ್ಷ ಕೊಟ್ಟಿದ್ದ ಅನುಮತಿ ಇರುವುದಿಲ್ಲ. ಅದಕ್ಕೇ ಮೊದಲ ದಿನ ಒಮ್ಮೆ ಕೇಳಿದರಾಯಿತು ಎಂದುಕೊಳ್ಳದೆ, ಲೊಕೇಶನ್ ಕೇಳುವ ಪ್ರತಿಸಲವೂ ಅನುಮತಿ ಇದೆಯೇ ಎಂದು ನೋಡಿಕೊಳ್ಳುವಂತೆ ಬರೆಯಿರಿ.

ಪ್ರಶ್ನೆ: ನನ್ನದು ಉದ್ದನೆಯ ಪಟ್ಟಿಯಂಥ 20 ಗುಂಟೆ ಹೊಲ. ಬೆಳೆಯ ಫೋಟೊ ಸೇರಿಸಲು ಹೊಲದ ನಡುವೆಯೇ ನಿಂತರೂ ಆ್ಯಪ್ ‘ನೀವು ಈ ಸರ್ವೆ ನಂಬರಿನ ಹೊರಗಿದ್ದೀರಿ’ ಎನ್ನುತ್ತದೆ. ಇಂಟರ್‌ನೆಟ್ ಸರಿಯಾಗಿ ಬಾರದ ಕಾರಣ ಹೀಗಾಗುತ್ತದೆಯೇ? ಪಕ್ಕದವರು ಒತ್ತುವರಿ ಮಾಡಿದ್ದಾರೆಂದು ತಿಳಿಯಬೇಕೇ?
— ಹಾಸನ ಜಿಲ್ಲೆಯ ಓದುಗರು

ಉತ್ತರ: ಒತ್ತುವರಿಯ ತೀರ್ಮಾನಕ್ಕೆ ದಯವಿಟ್ಟು ಬರಬೇಡಿ. ಒಂದು ಗುಂಟೆಯೆಂದರೆ 33 ಅಡಿ ಉದ್ದ, 33 ಅಡಿ ಅಗಲ, ಅಂದರೆ ಪಕ್ಕವೊಂದಕ್ಕೆ ಸುಮಾರು 10 ಮೀಟರ್. ಒಳ್ಳೆಯ ಬಯಲಿನಲ್ಲಿ ಸಾಮಾನ್ಯ ಫೋನು ತೋರಿಸುವ ಜಾಗವೇ ಸುಮಾರು 5 ಮೀಟರ್ ಅತ್ತಿತ್ತ ಇರುತ್ತದೆ, ಮರ ಅಥವಾ ಮನೆಯ ಮಗ್ಗುಲಲ್ಲಿ ಅದು 15–20 ಮೀಟರಿಗೂ ಹೋಗುತ್ತದೆ. ತಮ್ಮ ಪಟ್ಟಿಯ ಅಗಲ 15 ಮೀಟರ್ ಇದೆಯೆಂದು ಇಟ್ಟುಕೊಂಡರೆ ನಟ್ಟನಡುವೆ ನಿಂತರೂ ಬದು ಎರಡೂ ಕಡೆ ಏಳೂವರೆ ಮೀಟರ್ ದೂರದಲ್ಲಷ್ಟೇ ಇದೆ. ಫೋನಿನ ಅಂದಾಜು ಅದನ್ನು ದಾಟಿ ಪಕ್ಕದ ಹೊಲಕ್ಕೆ ಬೀಳುವುದಕ್ಕೆ ಏನೂ ಕಷ್ಟವಿಲ್ಲ. ನಕ್ಷೆಯ ಮೇಲೆ ನೀಲಿ ಚುಕ್ಕೆಯ ಸುತ್ತ ಕಾಣುವ ತೆಳು ವೃತ್ತ ಅಲಂಕಾರಕ್ಕೆ ಇರುವುದಲ್ಲ. ಆಂಡ್ರಾಯ್ಡ್ ಕೊಡುವ ಅಳತೆಯ ಪ್ರಕಾರ ತಾವು ಆ ವೃತ್ತದ ಒಳಗಿರುವ ಸಂಭವ ನೂರಕ್ಕೆ 68. ಉಳಿದ 32 ಪಾಲು ವೃತ್ತದ ಹೊರಗೂ ಇರಬಹುದೆಂದೇ ಅರ್ಥ.

ಜಿಪಿಎಸ್‌ಗೆ ಇಂಟರ್‌ನೆಟ್ ಬೇಕೇಬೇಕೆಂದಿಲ್ಲ. ಫೋನು ಉಪಗ್ರಹಕ್ಕೆ ಏನನ್ನೂ ಕಳಿಸುವುದಿಲ್ಲ, ಅದರ ಸಂಕೇತವನ್ನು ಕೇಳಿಸಿಕೊಳ್ಳುತ್ತದೆ, ಅಷ್ಟೆ. ಡೇಟಾ ಇದ್ದರೆ ಮೊದಲ ಸಲ ಜಾಗ ಬೇಗ ಸಿಗುತ್ತದೆ, ನಕ್ಷೆಯ ಚಿತ್ರ ಇಳಿಯುತ್ತದೆ. ಹೊಲಕ್ಕೆ ಹೋದ ಮೇಲೆ ಆ್ಯಪ್‌ನ ಅನುಮತಿಯಲ್ಲಿ ‘ನಿಖರ ಲೊಕೇಶನ್’ ಆಯ್ಕೆಯಾಗಿದೆಯೇ ನೋಡಿ, ಬ್ಯಾಟರಿ ಸೇವರ್ ಆಫ್ ಮಾಡಿ, ಮರದ ನೆರಳು ಬಿಟ್ಟು ಬಿಸಿಲಿಗೆ ಬಂದು ಒಂದೆರಡು ನಿಮಿಷ ಫೋನು ಹಿಡಿದು ನಿಲ್ಲಿ. ಆ ಹೊತ್ತಿನಲ್ಲಿ ಯಾವುದಾದರೂ ಮ್ಯಾಪ್ ಆ್ಯಪ್ ತೆರೆದಿಟ್ಟರೆ ವೃತ್ತ ಕಿರಿದಾಗುವುದು ಕಾಣುತ್ತದೆ. ಅದು ಚಿಕ್ಕದಾದ ಮೇಲೆ ತಮ್ಮ ಆ್ಯಪ್‌ಗೆ ಬಂದು ಫೋಟೊ ತೆಗೆಯಿರಿ, ಸಾಧ್ಯವಾದರೆ ಪಟ್ಟಿಯ ಅಗಲ ಹೆಚ್ಚಿರುವ ತುದಿಯಲ್ಲಿ.

ಇಷ್ಟಾದರೂ ಹೊರಗೆಂದೇ ಹೇಳಿದರೆ ತಪ್ಪು ನಕ್ಷೆಯದಿರಬಹುದು. ಕಾಗದದ ಮೇಲಿದ್ದ ಹಳೆಯ ಸರ್ವೆ ನಕ್ಷೆಗಳನ್ನು ಕಂಪ್ಯೂಟರಿಗೆ ಏರಿಸಿ ಉಪಗ್ರಹ ಚಿತ್ರದ ಮೇಲೆ ಕೂರಿಸುವಾಗ ಗೆರೆಗಳು ಕೆಲವು ಮೀಟರ್ ಸರಿಯುವುದುಂಟು. ಕರ್ನಾಟಕದಲ್ಲಿ ನಿಂತ ಜಾಗದ ಸರ್ವೆ ನಂಬರ್ ತಿಳಿಯಲು ಅನೇಕರು ಬಳಸುವ ದಿಶಾಂಕ್ ಆ್ಯಪ್ ಕೂಡ ಫೋನಿನ ಜಿಪಿಎಸ್ಸನ್ನೇ ಆಧರಿಸಿದ್ದು, ಯಾವ ಸರ್ವೆ ನಂಬರ್ ಎಂದು ಅರಿಯಲು ಅದು ಬಹಳ ಉಪಯುಕ್ತ, ಬದು ಯಾರದೆಂದು ವಾದಿಸಲು ಉಪಯೋಗವಿಲ್ಲ. ಗಡಿಯ ಬಗ್ಗೆ ನಿಜವಾಗಿಯೂ ಸಂಶಯವಿದ್ದರೆ ಹದ್ದುಬಸ್ತಿಗೆ ಅರ್ಜಿ ಹಾಕಿ ಭೂಮಾಪಕರಿಂದ ಅಳೆಸಬೇಕು.

ಈ ಉತ್ತರವನ್ನು ಇಂಥ ಆ್ಯಪ್ ಬರೆಯುವವರೂ ಓದುತ್ತಿದ್ದರೆ ಅವರಲ್ಲೊಂದು ವಿನಂತಿ. ಚುಕ್ಕೆ ಗಡಿಯೊಳಗೆ ಬಿತ್ತೇ ಇಲ್ಲವೇ ಎಂದಷ್ಟೇ ನೋಡಿ ರೈತರನ್ನು ಹಿಂದಕ್ಕೆ ಕಳಿಸಬೇಡಿ. ತಪ್ಪಿನ ವೃತ್ತ ಗಡಿಯನ್ನು ಮುಟ್ಟುತ್ತಿದ್ದರೆ ಒಳಗೆ ತೆಗೆದುಕೊಂಡು, ಸಂಶಯವಿದೆಯೆಂದು ಗುರುತು ಹಾಕಿ ಮುಂದಿನ ಪರಿಶೀಲನೆಗೆ ಬಿಡಬಹುದು.

ಪ್ರಶ್ನೆ: ಕಾಲೇಜಿನ ಪ್ರಾಜೆಕ್ಟಿಗೆ ಬರೆದ ಆ್ಯಪ್‌ನಲ್ಲಿ ಕಲಬುರಗಿಯ ಬದಲು ನಕ್ಷೆ ಉತ್ತರ ಧ್ರುವದ ಹತ್ತಿರ ಹೋಗಿ ನಿಲ್ಲುತ್ತದೆ. ಕಂಪ್ಯೂಟರಿನೊಳಗೆ ಫೋನಿನಂತೆ ನಡೆಯುವ ಎಮ್ಯುಲೇಟರಿನಲ್ಲಿ ನೋಡಿದರೆ ಅಮೆರಿಕ ಬರುತ್ತದೆ. ಯಾವುದನ್ನು ನಂಬಲಿ?
— ಕಲಬುರಗಿಯ ವಿದ್ಯಾರ್ಥಿನಿ

ಉತ್ತರ: ಎರಡನ್ನೂ ನಂಬುವುದು ಬೇಡ, ಎರಡೂ ಸುಲಭದ ತಪ್ಪುಗಳು. ಕಲಬುರಗಿಯ ಅಕ್ಷಾಂಶ ಸುಮಾರು 17.33, ರೇಖಾಂಶ ಸುಮಾರು 76.83. ಇವುಗಳನ್ನು ಅದಲುಬದಲು ಮಾಡಿದರೆ ಬರುವ ಜಾಗ ನಾರ್ವೆಗೆ ಸೇರಿದ ಸ್ವಾಲ್ಬಾರ್ಡ್ ದ್ವೀಪಸಮೂಹದ ಆಸುಪಾಸಿನಲ್ಲಿದೆ. ನಮ್ಮ ರಾಜ್ಯದ ಯಾವ ಊರನ್ನು ತಿರುಗುಮುರುಗು ಹಾಕಿದರೂ ಹೆಚ್ಚುಕಡಿಮೆ ಅದೇ ಹಿಮದ ಸೀಮೆಗೆ ಹೋಗುತ್ತೀರಿ. ಜಿಯೋಜೇಸನ್ ಎಂಬ ಕಡತದ ಮಾದರಿ ರೇಖಾಂಶವನ್ನು ಮೊದಲು ಬರೆಯುತ್ತದೆ, ವೆಬ್‌ನಲ್ಲಿ ನಕ್ಷೆ ತೋರಿಸುವ ಲೀಫ್‌ಲೆಟ್ ಮತ್ತು ಗೂಗಲ್ ನಕ್ಷೆಯ ಕೋಡು ಅಕ್ಷಾಂಶವನ್ನು ಮೊದಲು ಕೇಳುತ್ತವೆ. ಒಂದರಿಂದ ಇನ್ನೊಂದಕ್ಕೆ ದಾಟಿಸುವಲ್ಲಿ ಅದಲುಬದಲಾಗಿದೆ. ಕರ್ನಾಟಕ ಸುಮಾರು 11.5ರಿಂದ 18.5 ಅಕ್ಷಾಂಶ, 74ರಿಂದ 78.6 ರೇಖಾಂಶದ ನಡುವೆ ಇದೆ. ಈ ಚೌಕದ ಹೊರಗಿನ ಬೆಲೆ ಬಂದರೆ ಎಚ್ಚರಿಸುವ ಒಂದು ಸಾಲು ಬರೆದಿಟ್ಟುಕೊಂಡರೆ ಪ್ರಾಜೆಕ್ಟ್ ತೋರಿಸುವ ದಿನ ಪಾರಾಗುತ್ತೀರಿ.

ಎಮ್ಯುಲೇಟರಿಗೆ ಆಂಟೆನಾ ಇಲ್ಲ. ಅದು ಮೊದಲಿಗೆ ತೋರಿಸುವ 37.42, ಮೈನಸ್ 122.08 ಎಂಬುದು ಕ್ಯಾಲಿಫೋರ್ನಿಯದಲ್ಲಿರುವ ಗೂಗಲ್ ಕಚೇರಿಯ ಜಾಗ. ಎಮ್ಯುಲೇಟರಿನ ಪಕ್ಕದ ಪಟ್ಟಿಯಲ್ಲಿರುವ ಮೂರು ಚುಕ್ಕೆ ಒತ್ತಿ, ಲೊಕೇಶನ್ ಪುಟದಲ್ಲಿ ಕಲಬುರಗಿಯನ್ನು ಆರಿಸಿ ಕಳಿಸಿ.

ಪ್ರಶ್ನೆ: ಶಾಲಾ ವ್ಯಾನುಗಳು ಎಲ್ಲಿವೆಯೆಂದು ಪೋಷಕರಿಗೆ ತೋರಿಸುವ ಆ್ಯಪ್ ನಮ್ಮದು. ಚಾಲಕರು ಫೋನಿನ ಸ್ಕ್ರೀನ್ ಆರಿಸಿ ಜೇಬಿಗಿಟ್ಟ ಕೆಲವೇ ಹೊತ್ತಿನಲ್ಲಿ ಲೊಕೇಶನ್ ಬರುವುದು ನಿಲ್ಲುತ್ತದೆ. ಮತ್ತೆ ಕೆಲವು ಫೋನುಗಳಲ್ಲಿ ವ್ಯಾನು ರಾತ್ರಿಯಿಡೀ ಮನೆ ಮುಂದೆ ನಿಂತಿದ್ದರೂ ಬೆಳಿಗ್ಗೆ ನೋಡಿದರೆ ಕಿಲೋಮೀಟರುಗಟ್ಟಲೆ ಓಡಿದಂತೆ ಲೆಕ್ಕ ಬರುತ್ತದೆ. ‘ಸದಾಕಾಲ ಅನುಮತಿಸು’ ಎಂಬುದನ್ನು ಚಾಲಕರಿಂದ ಕಡ್ಡಾಯವಾಗಿ ಕೊಡಿಸಿದರೆ ಸರಿಹೋಗುತ್ತದೆಯೇ?
— ಬೆಂಗಳೂರಿನ ಓದುಗರು

ಉತ್ತರ: ಸದಾಕಾಲದ ಅನುಮತಿ ತಮಗೆ ಬೇಕಾಗಿಲ್ಲ, ಕೊಡಿಸಿದರೂ ಅದೊಂದರಿಂದ ತೊಂದರೆ ಹೋಗುವುದಿಲ್ಲ. ಆಂಡ್ರಾಯ್ಡ್ 8ರಿಂದ ಹಿನ್ನೆಲೆಗೆ ಸರಿದ ಆ್ಯಪ್‌ಗೆ ಗಂಟೆಗೆ ಕೆಲವೇ ಸಲ ಲೊಕೇಶನ್ ಸಿಗುತ್ತದೆ; ಪೂರ್ತಿ ಅನುಮತಿ ಇದ್ದರೂ ಇದೇ ಮಿತಿ. ವ್ಯಾನಿನಂಥ ಕೆಲಸಕ್ಕೆ ಸರಿಯಾದ ದಾರಿ ಫೋರ್‌ಗ್ರೌಂಡ್ ಸರ್ವಿಸ್, ಎಂದರೆ ‘ವ್ಯಾನಿನ ಲೊಕೇಶನ್ ಹಂಚಲಾಗುತ್ತಿದೆ’ ಎಂಬ ಸೂಚನೆಯನ್ನು ಮೇಲಿನ ಪಟ್ಟಿಯಲ್ಲಿ ಕಾಣುವಂತೆ ಇಟ್ಟುಕೊಂಡು ನಡೆಯುವ ಸೇವೆ. ಚಾಲಕರು ಪರದೆ ನೋಡುತ್ತ ‘ಟ್ರಿಪ್ ಶುರು’ ಒತ್ತಿದಾಗಲೇ ಅದನ್ನು ಪ್ರಾರಂಭಿಸಿದರೆ ‘ಆ್ಯಪ್ ಬಳಸುವಾಗ ಮಾತ್ರ’ ಎಂಬ ಅನುಮತಿಯೇ ಸಾಕಾಗುತ್ತದೆ, ಆಮೇಲೆ ಸ್ಕ್ರೀನ್ ಆರಿದರೂ ಲೊಕೇಶನ್ ಬರುತ್ತದೆ. ಅದೇ ಸೇವೆಯನ್ನು ಆ್ಯಪ್ ಮುಚ್ಚಿರುವಾಗ, ಸರ್ವರಿನಿಂದ ಬಂದ ಸಂದೇಶವೊಂದರಿಂದ ಎಬ್ಬಿಸಲು ಹೋದರೆ ಇತ್ತೀಚಿನ ಆಂಡ್ರಾಯ್ಡ್ ಒಪ್ಪುವುದಿಲ್ಲ. ತಮ್ಮ ಕೋಡಿನಲ್ಲಿ ಇಂಥದ್ದೇನಾದರೂ ಇದೆಯೇ ನೋಡಿ. ಆ್ಯಪ್‌ನ ವಿವರ, ಅನುಮತಿಗಳನ್ನು ಘೋಷಿಸುವ ಮ್ಯಾನಿಫೆಸ್ಟ್ ಕಡತದಲ್ಲಿ ಸೇವೆಯ ಬಗೆ ‘ಲೊಕೇಶನ್’ ಎಂದು ಬರೆದಿರಬೇಕು, ಆಂಡ್ರಾಯ್ಡ್ 14ಕ್ಕೆ ಸಿದ್ಧಪಡಿಸಿದ ಆ್ಯಪ್ ಆದರೆ ಅದಕ್ಕೆಂದೇ ಇರುವ ಪ್ರತ್ಯೇಕ ಅನುಮತಿಯನ್ನೂ ಘೋಷಿಸಿರಬೇಕು, ಇಲ್ಲದಿದ್ದರೆ ಸೇವೆ ಶುರುವಾಗುವಾಗಲೇ ಆ್ಯಪ್ ಬಿದ್ದುಹೋಗುತ್ತದೆ. ಸದಾಕಾಲದ ಅನುಮತಿ ಬೇಡುವ ಆ್ಯಪ್‌ಗಳನ್ನು ಪ್ಲೇ ಸ್ಟೋರ್ ಪ್ರತ್ಯೇಕವಾಗಿ ಪರಿಶೀಲಿಸುತ್ತದೆ ಎಂಬುದನ್ನೂ ಮರೆಯಬೇಡಿ. ಕೆಲಸ ಮುಗಿಸಿ ಮನೆಗೆ ಹೋದ ಚಾಲಕರ ಓಡಾಟವನ್ನು ಹಿಂಬಾಲಿಸುವ ಹಕ್ಕೂ ಶಾಲೆಗಿಲ್ಲ. ‘ಟ್ರಿಪ್ ಮುಗಿಯಿತು’ ಎಂದೊಡನೆ ಸೇವೆಯನ್ನು ನಿಲ್ಲಿಸಿದರೆ ರಾತ್ರಿಯ ಕಿಲೋಮೀಟರುಗಳ ತೊಂದರೆಯೂ ಅರ್ಧ ತೀರುತ್ತದೆ.

ಇಷ್ಟು ಸರಿಯಿದ್ದೂ ಕೆಲವು ಕಂಪನಿಗಳ ಫೋನುಗಳಲ್ಲಿ ಮಾತ್ರ ನಿಲ್ಲುತ್ತಿದ್ದರೆ ಅದು ಆ ಕಂಪನಿ ತನ್ನದಾಗಿ ಸೇರಿಸಿರುವ ಬ್ಯಾಟರಿ ಉಳಿತಾಯದ ಕೆಲಸ. ಆ್ಯಪ್ ಮಾಹಿತಿ ಪುಟದ ಬ್ಯಾಟರಿ ವಿಭಾಗದಲ್ಲಿ ‘ಅನಿರ್ಬಂಧಿತ’ ಎಂಬಂಥ ಆಯ್ಕೆ ಇರುತ್ತದೆ, ಹೆಸರು ಫೋನಿನಿಂದ ಫೋನಿಗೆ ಬೇರೆ. ಚಾಲಕರಿಗೆ ಇದನ್ನು ಫೋನಿನಲ್ಲಿ ಹೇಳಿ ಮಾಡಿಸುವುದು ಪ್ರಯಾಸದ ಕೆಲಸ, ಆ್ಯಪ್ ಹಾಕಿಕೊಡುವ ದಿನವೇ ಎದುರಿಗೆ ಕೂತು ಮಾಡಿಕೊಡುವುದು ಲೇಸು.

ನಿಂತ ವ್ಯಾನು ಓಡುವುದೇಕೆ ಎಂದರೆ, ಎತ್ತರದ ಕಟ್ಟಡಗಳ ನಡುವೆ ಉಪಗ್ರಹದ ಸಂಕೇತ ನೇರವಾಗಿ ಬಾರದೆ ಗೋಡೆಗೆ ಬಡಿದು ಸುತ್ತಿ ಬರುತ್ತದೆ. ಸಂಕೇತ ತಲುಪಲು ಹಿಡಿದ ಕಾಲದಿಂದ ದೂರವನ್ನು ಅಳೆಯುವ ವ್ಯವಸ್ಥೆಯಿದು. ಒಂದು ಮೈಕ್ರೋಸೆಕೆಂಡಿನ ಹತ್ತನೆಯ ಒಂದು ಪಾಲು ತಡವಾದರೂ ಆ ಉಪಗ್ರಹದ ದೂರ 30 ಮೀಟರ್ ಹೆಚ್ಚಾಗಿ ಕಾಣುತ್ತದೆ. ಉಪಗ್ರಹಗಳು ಸರಿದಂತೆ ಈ ತಪ್ಪೂ ಬದಲಾಗುತ್ತ, ಚುಕ್ಕೆ ಕ್ಷಣಕ್ಕೊಂದು ಕಡೆ ಜಿಗಿಯುತ್ತದೆ. ಪ್ರತಿ ಜಿಗಿತವನ್ನೂ ಪ್ರಯಾಣವೆಂದು ಕೂಡಿಸುತ್ತ ಹೋದರೆ ಬೆಳಗಾಗುವಷ್ಟರಲ್ಲಿ ವ್ಯಾನು ಊರೆಲ್ಲ ಸುತ್ತಿರುತ್ತದೆ. ಎರಡು ಚುಕ್ಕೆಗಳ ನಡುವಿನ ದೂರ ಅವೆರಡರ ತಪ್ಪಿನ ಅಳತೆಗಿಂತ ಕಡಿಮೆಯಿದ್ದರೆ ವ್ಯಾನು ನಿಂತಿದೆಯೆಂದೇ ತಿಳಿಯಿರಿ. ತಪ್ಪಿನ ಅಳತೆ 50 ಮೀಟರ್ ಮೀರಿದ ಚುಕ್ಕೆಗಳನ್ನು ದೂರದ ಲೆಕ್ಕಕ್ಕೆ ಸೇರಿಸಬೇಡಿ. ಲೊಕೇಶನ್ ಕೇಳುವಾಗಲೇ ಕನಿಷ್ಠ ಇಷ್ಟು ಮೀಟರ್ ಸರಿದರಷ್ಟೇ ತಿಳಿಸು ಎಂದು ಹೇಳುವ ಅವಕಾಶವಿದೆ. ವೇಗಕ್ಕೆ ದೂರ–ಸಮಯದ ಭಾಗಾಕಾರ ಮಾಡುವ ಬದಲು ಫೋನು ಕೊಡುವ ವೇಗದ ಬೆಲೆಯನ್ನೇ ತೆಗೆದುಕೊಳ್ಳಿ. ಅದು ಸಾಮಾನ್ಯವಾಗಿ ಸಂಕೇತದ ಆವರ್ತನದಲ್ಲಾದ ಬದಲಾವಣೆಯಿಂದ ಲೆಕ್ಕವಾಗಿರುವುದರಿಂದ ಹೆಚ್ಚು ಸ್ಥಿರವಾಗಿರುತ್ತದೆ.

ಪ್ರಶ್ನೆ: ನಮ್ಮ ಆ್ಯಪ್ ಐಫೋನಿನಲ್ಲಿ ಲೊಕೇಶನ್ ಅನುಮತಿ ಕೇಳುವ ಕಿಟಕಿಯನ್ನೇ ತೆರೆಯುವುದಿಲ್ಲ, ದೋಷದ ಸಂದೇಶವೂ ಕಾಣುವುದಿಲ್ಲ.
— ಮೈಸೂರಿನ ಓದುಗರು

ಉತ್ತರ: ಆ್ಯಪ್‌ನ ವಿವರಗಳಿರುವ ‘ಇನ್ಫೋ ಡಾಟ್ ಪಿಲಿಸ್ಟ್’ ಕಡತದಲ್ಲಿ ಲೊಕೇಶನ್ ಏಕೆ ಬೇಕೆಂಬ ಕಾರಣದ ವಾಕ್ಯ ಬರೆದಿಲ್ಲದಿದ್ದರೆ ಹೀಗಾಗುತ್ತದೆ, ಐಫೋನ್ ಆ್ಯಪ್ ಬರೆಯುವ ತಂತ್ರಾಂಶವಾದ ಎಕ್ಸ್‌ಕೋಡ್‌ನ ಲಾಗ್‌ನಲ್ಲಿ ಹುಡುಕಿದರೆ ಎಚ್ಚರಿಕೆಯ ಸಾಲು ಸಿಗುತ್ತದೆ. ಆ ವಾಕ್ಯವನ್ನು ಕನ್ನಡದಲ್ಲೂ ಕೊಡಬಹುದು, ಕೊಡಿ. ಐಓಎಸ್ 14ರಿಂದ ಬಳಕೆದಾರರು ‘ನಿಖರ ಲೊಕೇಶನ್’ ಆಫ್ ಮಾಡಿಡಬಹುದಾದ್ದರಿಂದ ಅನುಮತಿ ಸಿಕ್ಕ ಮೇಲೆ ನಿಖರತೆಯ ಮಟ್ಟವನ್ನೂ ನೋಡಬೇಕು.

ಪ್ರಶ್ನೆ: ಇಸ್ರೋದ ನಾವಿಕ್ ಉಪಗ್ರಹ ವ್ಯವಸ್ಥೆಯ ಸಂಕೇತ ಹಿಡಿಯುವ ಫೋನು ಕೊಂಡರೆ ಇಂಥ ತೊಂದರೆಗಳು ತಪ್ಪುತ್ತವೆಯೇ? ಆ್ಯಪ್‌ನಲ್ಲಿ ಜಿಪಿಎಸ್ ಬಿಟ್ಟು ನಾವಿಕ್ಕನ್ನೇ ಬಳಸು ಎಂದು ಹೇಳಲು ಬರುತ್ತದೆಯೇ?
— ದಾವಣಗೆರೆಯ ಓದುಗರು

ಉತ್ತರ: ಹೇಳಲು ಬರುವುದಿಲ್ಲ, ಹೇಳುವ ಅಗತ್ಯವೂ ಇಲ್ಲ. ಫೋನಿನ ಚಿಪ್ ತನಗೆ ಕೇಳಿಸುವ ಎಲ್ಲ ವ್ಯವಸ್ಥೆಗಳ ಉಪಗ್ರಹಗಳನ್ನೂ, ಎಂದರೆ ಅಮೆರಿಕದ ಜಿಪಿಎಸ್, ರಷ್ಯದ ಗ್ಲೊನಾಸ್, ಯುರೋಪಿನ ಗೆಲಿಲಿಯೊ, ಚೀನದ ಬೈಡೂ, ನಮ್ಮ ನಾವಿಕ್ ಇವುಗಳನ್ನು ಬೆರೆಸಿ ಒಂದೇ ಉತ್ತರ ಕೊಡುತ್ತದೆ. ನಾವಿಕ್‌ನ ಮೊದಲ ಉಪಗ್ರಹ 2013ರ ಜುಲೈನಲ್ಲಿ ಹಾರಿತು. ಅದರ ನಿರ್ವಹಣೆಯ ಕೇಂದ್ರವಿರುವುದು ಬೆಂಗಳೂರಿನ ಹೊರವಲಯದ ಬ್ಯಾಲಾಳಿನಲ್ಲಿ. ಮೊದಲ ತಲೆಮಾರಿನ ನಾವಿಕ್ ಉಪಗ್ರಹಗಳು ಎಲ್5 ಮತ್ತು ಎಸ್ ಎಂಬ ಆವರ್ತನಗಳಲ್ಲಿ ಮಾತ್ರ ಸಂಕೇತ ಕಳಿಸುತ್ತಿದ್ದುದರಿಂದ, ಎಲ್1 ಒಂದನ್ನೇ ಕೇಳಬಲ್ಲ ಅಗ್ಗದ ಫೋನುಗಳಿಗೆ ಅವು ಕೇಳಿಸುತ್ತಿರಲಿಲ್ಲ. 2023ರ ಮೇ 29ರಂದು ಹಾರಿದ ಎನ್‌ವಿಎಸ್–01 ಎಲ್1ರಲ್ಲೂ ಸಂಕೇತ ಕಳಿಸುವ ಮೊದಲ ನಾವಿಕ್ ಉಪಗ್ರಹ. ಆ ಸರಣಿಯ ಮುಂದಿನದು 2025ರ ಜನವರಿಯಲ್ಲಿ ಹಾರಿತಾದರೂ ಉದ್ದೇಶಿತ ಕಕ್ಷೆಗೆ ಏರಲಾಗಲಿಲ್ಲ.

ಫೋನು ಕೊಳ್ಳುವಾಗ ನಾವಿಕ್ ಇದೆಯೇ ಎಂಬುದಕ್ಕಿಂತ ಎರಡು ಆವರ್ತನಗಳನ್ನು, ಎಂದರೆ ಎಲ್1 ಮತ್ತು ಎಲ್5 ಎರಡನ್ನೂ ಹಿಡಿಯುತ್ತದೆಯೇ ಎಂದು ಕೇಳುವುದು ಹೆಚ್ಚು ಪ್ರಯೋಜನ ಎಂಬುದು ನನ್ನ ಅನಿಸಿಕೆ. ಎಲ್5ರ ಸಂಕೇತ ಗೋಡೆಗೆ ಬಡಿದು ಬಂದದ್ದನ್ನು ನೇರ ಬಂದದ್ದರಿಂದ ಚೆನ್ನಾಗಿ ಬೇರ್ಪಡಿಸಬಲ್ಲದು. ಇಂಥ ಮೊದಲ ಫೋನು ಮಾರುಕಟ್ಟೆಗೆ ಬಂದದ್ದು 2018ರಲ್ಲಿ. ಕೈಯಲ್ಲಿರುವ ಫೋನು ಏನೇನು ಹಿಡಿಯುತ್ತದೆಂದು ತಿಳಿಯಲು ‘ಜಿಪಿಎಸ್‌ಟೆಸ್ಟ್’ ಎಂಬ ಉಚಿತ ಆ್ಯಪ್ ಹಾಕಿಕೊಂಡು ಬಯಲಿಗೆ ಹೋಗಿ. ಯಾವ ದೇಶದ ಯಾವ ಉಪಗ್ರಹ, ಅದರ ಸಂಕೇತದ ಬಲವೆಷ್ಟು ಎಂಬುದನ್ನು ಅದು ಸಾಲುಸಾಲಾಗಿ ತೋರಿಸುತ್ತದೆ. ಬಲ 35ರ ಮೇಲಿರುವ ಉಪಗ್ರಹಗಳು ಹಲವು ಕಂಡರೆ ಫೋನಿನ ಆಂಟೆನಾ ಚೆನ್ನಾಗಿದೆ. ಬಯಲಿನಲ್ಲೂ ಎಲ್ಲವೂ 20ರ ಆಸುಪಾಸಿನಲ್ಲೇ ಇದ್ದರೆ ಮೊದಲು ಲೋಹದ ಅಂಶವಿರುವ ಕವರ್ ಅಥವಾ ಕಾರಿನ ಅಯಸ್ಕಾಂತದ ಹಿಡಿಕೆಗೆ ಅಂಟಿಸಿದ ತಗಡನ್ನು ತೆಗೆದು ನೋಡಿ, ಆಮೇಲೆ ರಿಪೇರಿ ಅಂಗಡಿಗೆ ಹೋಗಿ.

ಪ್ರಶ್ನೆ: ಮಂಗಳೂರಿನ ಕಡಲತೀರದಲ್ಲಿ ನಿಂತು ನೋಡಿದರೆ ನನ್ನ ಆ್ಯಪ್ ಎತ್ತರವನ್ನು ಮೈನಸ್ 80ಕ್ಕಿಂತ ಕೆಳಗೆ ತೋರಿಸುತ್ತದೆ. ಅಕ್ಷಾಂಶ–ರೇಖಾಂಶ ಸರಿಯಾಗಿವೆ. ಫೋನು ಕೆಟ್ಟಿದೆಯೇ?
— ಮಂಗಳೂರಿನ ಓದುಗರು

ಉತ್ತರ: ಫೋನು ಚೆನ್ನಾಗಿದೆ. ಜಿಪಿಎಸ್ ಎತ್ತರವನ್ನು ಅಳೆಯುವುದು ಡಬ್ಲ್ಯುಜಿಎಸ್–84 ಎಂಬ ಗಣಿತದ ಅಂಡಾಕಾರದ ಮೇಲ್ಮೈಯಿಂದ. ನಾವು ಎತ್ತರವೆನ್ನುವುದು ಸಮುದ್ರಮಟ್ಟದಿಂದ. ಭೂಮಿಯ ಗುರುತ್ವ ಎಲ್ಲ ಕಡೆ ಒಂದೇ ಸಮನಾಗಿಲ್ಲದ ಕಾರಣ ಇವೆರಡೂ ಒಂದರ ಮೇಲೊಂದು ಕೂರುವುದಿಲ್ಲ. ಜಗತ್ತಿನಲ್ಲೇ ಅತಿ ಹೆಚ್ಚು ತಗ್ಗು ಶ್ರೀಲಂಕಾದ ದಕ್ಷಿಣಕ್ಕೆ ಹಿಂದೂ ಮಹಾಸಾಗರದಲ್ಲಿದ್ದು, ಅಲ್ಲಿ ಸಮುದ್ರಮಟ್ಟ ಆ ಮೇಲ್ಮೈಗಿಂತ ಸುಮಾರು 106 ಮೀಟರ್ ಕೆಳಗಿದೆ. ಅದೇ ತಗ್ಗಿನ ಅಂಚು ನಮ್ಮ ದಕ್ಷಿಣ ಕರ್ನಾಟಕದವರೆಗೂ ಚಾಚಿರುವುದರಿಂದ ಇಲ್ಲಿನ ವ್ಯತ್ಯಾಸ 80ರಿಂದ 90 ಮೀಟರ್. ಬೆಂಗಳೂರಿನ ಎತ್ತರ 920 ಮೀಟರಿನ ಆಸುಪಾಸು ಇದ್ದರೂ ತಮ್ಮ ಆ್ಯಪ್ ಅಲ್ಲಿ 830ರ ಸುತ್ತಮುತ್ತ ತೋರಿಸುತ್ತದೆ. ಮೈನಸ್ ಬಾರದ ಕಾರಣ ಅಲ್ಲಿ ಯಾರೂ ಗಮನಿಸುವುದಿಲ್ಲ. ಆಂಡ್ರಾಯ್ಡ್ 14ರಿಂದ ಸಮುದ್ರಮಟ್ಟದ ಎತ್ತರವನ್ನು ಪ್ರತ್ಯೇಕವಾಗಿ ಕೇಳುವ ಸೌಲಭ್ಯ ಬಂದಿದೆ. ಅದಕ್ಕಿಂತ ಹಳೆಯ ಫೋನುಗಳಲ್ಲೂ ಆ್ಯಪ್ ನಡೆಯಬೇಕಾದರೆ ಈ ವ್ಯತ್ಯಾಸದ ಪಟ್ಟಿಯೊಂದನ್ನು ಆ್ಯಪ್‌ನೊಳಗೇ ಇಟ್ಟುಕೊಂಡು, ನಿಂತ ಜಾಗಕ್ಕೆ ತಕ್ಕ ಬೆಲೆಯನ್ನು ಕಳೆಯಿರಿ. ನಮ್ಮಲ್ಲಿ ಆ ಬೆಲೆಯೇ ಮೈನಸ್ ಆಗಿರುವುದರಿಂದ ಕಳೆದಾಗ ಎತ್ತರ ಹೆಚ್ಚಬೇಕು. ಇನ್ನಷ್ಟು ಕೆಳಗಿಳಿದರೆ ಚಿಹ್ನೆ ತಪ್ಪಾಗಿದೆ.